ಪುಂಡಿಯ ಸಾಲು, ರೊಟ್ಟಿಯ ತಾಟು

ಹಡಗಲಿ ಸೀಮೆಯ ಇಟ್ಟಿಗಿಯಿಂದ ಕೊಟ್ಟೂರು, ಕೂಡ್ಲಿಗಿ, ಹರಪನಹಳ್ಳಿಯವರೆಗಿನ ಅಡುಗೆಯನ್ನು ಹೊಗಳುವವರ ಬಾಯಲ್ಲಿ ಮೊದಲು ಬರುವ ಮಾತು 'ತಾಜಾ'. ಹೊಲದಲ್ಲಿ ಬೆಳೆದದ್ದು, ಆಗಷ್ಟೇ ಕಿತ್ತದ್ದು. ಮಾತು ಸುಳ್ಳಲ್ಲ, ಅರ್ಧ ಮಾತ್ರ. ಮಳೆಯನ್ನೇ ನೆಚ್ಚಿದ ಈ ಬಯಲಲ್ಲಿ ಹಸಿರು ಸಿಗುವುದು ವರ್ಷದಲ್ಲಿ ಕೆಲವೇ ತಿಂಗಳು. ಉಳಿದ ಕಾಲಕ್ಕೆ ಮಜ್ಜಿಗೆಯಲ್ಲಿ ನೆನೆಸಿ ಒಣಗಿಸಿದ ಬಾಳಕದ ಮೆಣಸಿನಕಾಯಿ, ಗುರೆಳ್ಳು ಪುಡಿ, ಶೇಂಗಾ ಹಿಂಡಿ. ಖಾನಾವಳಿಗಳು ವರ್ಷವಿಡೀ ಬಡಿಸುವ ಅದೇ ಎಣ್ಣೆಗಾಯಿ, ಅದೇ ಕಾಳುಪಲ್ಯದ ತಾಟಿಗೆ ಮಾತ್ರ ತಿಂಗಳು ಯಾವುದೆಂಬುದೇ ಗೊತ್ತಿಲ್ಲ.

ಹಾಗಾದರೆ ಈ ಪರಂಪರೆಯ ಬೇರು ಎಲ್ಲಿದೆ? ಒಲೆಯ ಹತ್ತಿರ ಹುಡುಕಿದರೆ ಸಿಗದು, ಮುಖ್ಯ ಬೆಳೆಯ ನಡುವೆ ಬಿತ್ತುವ ಅಕ್ಕಡಿ ಸಾಲಿನಲ್ಲಿ ನೋಡಬೇಕು. ಹುಳಿಸೊಪ್ಪಿನ ಗಿಡವಾದ ಪುಂಡಿಯನ್ನೇ ತೆಗೆದುಕೊಳ್ಳಿ. ಎಳೆ ಎಲೆಯನ್ನು ತೊಗರಿಬೇಳೆ, ಜೋಳದ ನುಚ್ಚು, ಹಸಿಮೆಣಸಿನಕಾಯಿ ಜೊತೆ ಮೆತ್ತಗೆ ಬೇಯಿಸಿ, ಮಸೆದು, ಬೆಳ್ಳುಳ್ಳಿ ಕೆಂಪಗಾಗುವಂತೆ ಒಗ್ಗರಣೆ ಕೊಟ್ಟರೆ ಪಲ್ಯ. ಆದರೆ ಆ ಸಾಲನ್ನು ಬಿತ್ತಿದ್ದು ಪಲ್ಯವೊಂದಕ್ಕೇ ಅಲ್ಲ. ಎಲೆ ಅಡುಗೆಮನೆಗೆ ಹೋದ ಮೇಲೆ ಗಿಡ ಬಲಿಯುತ್ತಿತ್ತು; ದಂಟನ್ನು ನೀರಲ್ಲಿ ಕೊಳೆಹಾಕಿ ನಾರು ಸುಲಿದು ಎತ್ತಿಗೆ ಹಗ್ಗ ಹೊಸೆಯುತ್ತಿದ್ದರು. ಟ್ರ್ಯಾಕ್ಟರ್ ಬಂತು, ನೈಲಾನ್ ಹಗ್ಗ ಬಂತು, ಸಾಲಿಗೆ ಕೆಲಸ ತಪ್ಪಿತು. ಹೊಲದಲ್ಲಿ ತಾವಾಗಿಯೇ ಹುಟ್ಟುವ ಹಕ್ಕರಕಿ, ಕಿರಕಸಾಲಿ ಸೊಪ್ಪುಗಳ ಕತೆಯೂ ಬೇರೆಯಲ್ಲ. ಕಳೆ ತೆಗೆಯಲು ಹೋದ ಕೂಲಿ ಹೆಂಗಸರು ಉಡಿ ತುಂಬ ಸೊಪ್ಪು ತರುತ್ತಿದ್ದರು. ಹೊಲವಿಲ್ಲದ ಮನೆಗೂ ಹೊಲದ ಪಾಲು ಬರುತ್ತಿದ್ದ ದಾರಿಗಳಲ್ಲಿ ಅದೂ ಒಂದು. ಈಗ ಹೊಲಕ್ಕೆ ಬಂದಿರುವ ಗೋವಿನಜೋಳವನ್ನು ಬಿಟ್ಟು ಅಗಲೆಲೆಯ ಗಿಡಗಳನ್ನು ಸುಡುವ ಕಳೆನಾಶಕ ಅಟ್ರಜಿನ್‌ಗೆ ಕಳೆ ಯಾವುದು, ಪಲ್ಯ ಯಾವುದು ಎಂಬ ಭೇದವಿಲ್ಲ. ಪಾಕವಿಧಾನಗಳನ್ನು ಬರೆದಿಟ್ಟು ಈ ಅಡುಗೆ ಉಳಿಸಹೊರಟವರು ಅದರ ಬೇರು ಹೊಲದಲ್ಲಿರುವುದನ್ನು ಗಮನಿಸಿದಂತಿಲ್ಲ.

ಇದು ಬರಗಾಲದ ಊಟ, ಬಡತನಕ್ಕೆ ಪರಂಪರೆಯ ಹೆಸರು ಕೊಡಬೇಡಿ ಎನ್ನುವ ಆಕ್ಷೇಪವನ್ನು ತಳ್ಳಿಹಾಕಲಾಗದು. ಹಡಗಲಿ, ಕೂಡ್ಲಿಗಿ, ಹರಪನಹಳ್ಳಿ ಸೇರಿದ್ದ ಅಂದಿನ ಬಳ್ಳಾರಿ ಜಿಲ್ಲೆ 1876–78ರ ಕ್ಷಾಮದಲ್ಲಿ ಕಂಡ ಸಾವುಗಳನ್ನು ಯಾವ ಸೊಪ್ಪೂ ತಡೆಯಲಿಲ್ಲ. ಒಣಗಿಸಿಡಲಿಕ್ಕೂ ಮೊದಲು ಬೆಳೆ ಬರಬೇಕಲ್ಲ! ಆದರೆ ಬಡತನ ಹೇಳುವುದು ಎಲೆ ಏಕೆ ತಿಂದರು ಎಂಬುದನ್ನಷ್ಟೇ. ಪುಂಡಿಯ ಹುಳಿಯನ್ನು ನುಚ್ಚಿನಿಂದ ಪಳಗಿಸಿದ್ದು, ಹಕ್ಕರಕಿಯನ್ನು ಬೇಯಿಸದೆ ರೊಟ್ಟಿಗೆ ಹಸಿಯಾಗಿಯೇ ಜೊತೆ ಮಾಡಿದ್ದು ನಾಲಿಗೆಯ ವಿವೇಕ. ಅದನ್ನು ಹಸಿವಿನ ಲೆಕ್ಕಕ್ಕೆ ಬರೆಯಲಾಗದು. ಗೋವಿನಜೋಳ ದುಡ್ಡು ತರುತ್ತದೆ, ಪಟ್ಟಣದವರ ಬಾಯಿಚಪಲಕ್ಕೆ ರೈತ ಏಕೆ ಅಕ್ಕಡಿ ಹಾಕಬೇಕು ಎಂಬ ಇನ್ನೊಂದು ಪ್ರಶ್ನೆ ಇದಕ್ಕಿಂತ ಬಿಗಿಯಾದದ್ದು. ಹಾಕಬೇಕೆಂದು ಹೇಳುವ ಹಕ್ಕು ಯಾರಿಗೂ ಇಲ್ಲ. ಹಾಕಿದವರಿಗೆ ಮನ್ನಣೆಯೂ ಸಿಗಲಿಲ್ಲ: 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದಾಗ ನವಣೆ, ಸಜ್ಜೆಗಳಿಗೆ ಮೇಳಗಳಾದವು, ಪೊಟ್ಟಣಗಳಾದವು. ಕಾಳಿಗೆ ಬಂದ ಮರ್ಯಾದೆ ಅದರ ಪಕ್ಕದ ಸಾಲಿಗೆ ಬರಲಿಲ್ಲ. ಸೊಪ್ಪು ಪೊಟ್ಟಣದಲ್ಲಿ ಬಾಳುವುದಿಲ್ಲ, ಉಡಿಗೆ ದರಪಟ್ಟಿಯೂ ಇಲ್ಲ. ಸಂತೆಯಲ್ಲಿ ಪುಂಡಿ ಈಗಲೂ ಸಿಗುತ್ತದೆ: ಬೋರ್‌ವೆಲ್ ನೀರಿನ ಮಡಿಯಲ್ಲಿ ಬೆಳೆದ ಎಳೆಯ ಸೂಡು, ನಾರು ಕಟ್ಟುವ ಮೊದಲೇ ಬೇರುಸಮೇತ ಕಿತ್ತದ್ದು.