ಸಾಧನ-ವಿವರಣೆಯ ಲಕ್ಷಣದೋಷಗಳು: ಗಡಿಗನ್ನಡದ ಒಂದು ಪರೀಕ್ಷೆ

ಭಾಷಾಮಾದರಿಯು ಉತ್ತರ ಹೇಳುವುದಷ್ಟಕ್ಕೇ ನಿಲ್ಲದೆ ದಾಖಲೆ ಹುಡುಕುವ, ಅರ್ಜಿ ತುಂಬುವ, ಶುಲ್ಕ ಕಟ್ಟುವ ಕೆಲಸಗಳಿಗೆ ತೊಡಗಿದಾಗ ಅದನ್ನು ಏಜೆಂಟ್ ಎನ್ನುತ್ತೇವೆ. ಈ ಕೆಲಸಗಳಿಗಾಗಿ ಅದಕ್ಕೆ ಹಲವು ತಂತ್ರಾಂಶ ಸಾಧನಗಳನ್ನು ಒದಗಿಸಲಾಗುತ್ತದೆ. ಸಾಧನದ ಒಳರಚನೆ ಸಾಮಾನ್ಯವಾಗಿ ಏಜೆಂಟಿಗೆ ಕಾಣುವುದಿಲ್ಲ. ಅದು ಓದುವುದು ಸಾಧನದ ಹೆಸರು, ಕೆಲವು ವಾಕ್ಯಗಳ ವಿವರಣೆ, ಸಲ್ಲಿಸಬೇಕಾದ ಮಾಹಿತಿಯ ನಮೂನೆ, ಇಷ್ಟನ್ನೇ. 2024ರ ನವೆಂಬರಿನಲ್ಲಿ ಪ್ರಕಟವಾದ ಮಾಡೆಲ್ ಕಾಂಟೆಕ್ಸ್ಟ್ ಪ್ರೋಟೊಕಾಲ್ ಈ ಮೂರನ್ನೂ ಒಂದು ಸಾಮಾನ್ಯ ರೂಪಕ್ಕೆ ತಂದಿತು. ಹೀಗಿರುವಾಗ ಆ ವಿವರಣೆಯನ್ನು ಒಂದು ಲಕ್ಷಣವಾಕ್ಯವೆಂದೇ ಪರಿಗಣಿಸಬೇಕು. ಲಕ್ಷಣವಾಕ್ಯವನ್ನು ಪರೀಕ್ಷಿಸುವ ಮಾನದಂಡ ನ್ಯಾಯಶಾಸ್ತ್ರದಲ್ಲಿ ಸಿದ್ಧವಾಗಿದೆ: ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವ. ಕಪಿಲವರ್ಣವೇ ಗೋವಿನ ಲಕ್ಷಣವೆಂದರೆ ಬಿಳಿಯ ಹಸು ಹೊರಗುಳಿಯುತ್ತದೆ. ಕೊಂಬಿರುವುದೇ ಲಕ್ಷಣವೆಂದರೆ ಎಮ್ಮೆ ಒಳಗೆ ಬರುತ್ತದೆ. ಒಂಟಿಗೊರಸು ಲಕ್ಷಣವೆಂದರೆ ಯಾವ ಹಸುವೂ ಸಿಕ್ಕುವುದಿಲ್ಲ.

ಈ ಮಾನದಂಡವನ್ನು ಒರೆಗೆ ಹಚ್ಚಲು ಸಾಂಗಲಿ ಜಿಲ್ಲೆಯ ಜತ್ತ ತಾಲೂಕಿನ ಕುಣಿಕೋಣೂರಿನಂಥ ಊರು ತಕ್ಕ ಸ್ಥಳ. ಜತ್ತ ಸಂಸ್ಥಾನವು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1956ರ ಪುನರ್ವಿಂಗಡಣೆಯಲ್ಲಿ ಬೆಳಗಾವಿ, ವಿಜಾಪುರ, ಧಾರವಾಡ, ಉತ್ತರ ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯವನ್ನು ಸೇರಿದವು. ಜತ್ತ ಅಲ್ಲಿಯೇ ಉಳಿದು 1960ರಲ್ಲಿ ಮಹಾರಾಷ್ಟ್ರದ ಭಾಗವಾಯಿತು. ಮನೆಮಾತು ಗಡಿಯಾಚೆ ಅಥಣಿಯವರೆಗೂ ಒಂದೇ ಆಗಿ ಹರಿದಿದೆ. ಭೂದಾಖಲೆಯ ವ್ಯವಸ್ಥೆ ಮಾತ್ರ ಎರಡಾಗಿದೆ. ಇತ್ತ ಕರ್ನಾಟಕದ 1964ರ ಭೂಕಂದಾಯ ಕಾಯ್ದೆಯ ಪಹಣಿ, ಅತ್ತ ಮಹಾರಾಷ್ಟ್ರದ 1966ರ ಭೂಕಂದಾಯ ಸಂಹಿತೆಯ ಸಾತಬಾರಾ. ಜನರ ಬಾಯಲ್ಲಿ ಮಾತ್ರ ಎರಡಕ್ಕೂ ಹೆಸರು ಉತಾರ.

ಕನ್ನಡದಲ್ಲಿ ಮಾತನಾಡುವ ರೈತರಿಗಾಗಿ ರೂಪಿಸಿದ ಏಜೆಂಟ್ ಒಂದಕ್ಕೆ ಎರಡೂ ರಾಜ್ಯಗಳ ದಾಖಲೆಗಳನ್ನು ತೆಗೆಯುವ ಸಾಧನಗಳನ್ನು ಕೊಡಲಾಗಿದೆಯೆಂದು ಭಾವಿಸೋಣ. 'ನಮ್ಮ ಹೊಲದ ಉತಾರ ಬೇಕಾಗೇದ' ಎಂಬ ಕೋರಿಕೆ ಬರುತ್ತದೆ. ಮೊದಲ ಸಾಧನದ ವಿವರಣೆಯಲ್ಲಿ 'ಪಹಣಿ' ಎಂಬ ಪದವಷ್ಟೇ ಇದ್ದರೆ ಅಥಣಿಯ ರೈತನ ಮಾತೂ ಅದಕ್ಕೆ ತಾಗದೆ ಹೋಗಬಹುದು. ಇದು ಅವ್ಯಾಪ್ತಿ. ಅದರಲ್ಲಿ 'ಕನ್ನಡಿಗರ ಭೂದಾಖಲೆಯನ್ನು ತರುತ್ತದೆ' ಎಂದಿದ್ದರೆ ಕುಣಿಕೋಣೂರಿನ ಕೋರಿಕೆಯೂ ಬೆಂಗಳೂರಿನ ದತ್ತಾಂಶಕ್ಕೆ ಹೋಗುತ್ತದೆ. ಇದು ಅತಿವ್ಯಾಪ್ತಿ. ದಾಖಲೆಯನ್ನು ತೋರಿಸಲು ಮಾತ್ರ ಶಕ್ತವಾದ ಸಾಧನದ ಬಗ್ಗೆ 'ದಾಖಲೆಯನ್ನು ತಿದ್ದುತ್ತದೆ' ಎಂದು ಬರೆದಿದ್ದರೆ ಅದು ಅಸಂಭವ.

ಮೂರರಲ್ಲಿ ಅತಿವ್ಯಾಪ್ತಿಯೇ ಹೆಚ್ಚು ಅಪಾಯಕಾರಿ, ಏಕೆಂದರೆ ಅದು ಸೋಲಿನಂತೆ ಕಾಣಿಸುವುದಿಲ್ಲ. ತಪ್ಪು ದತ್ತಾಂಶದಲ್ಲಿ ಹುಡುಕಿದ ಸಾಧನ 'ದಾಖಲೆ ಇಲ್ಲ' ಎಂದು ಮರಳಿಸುತ್ತದೆ. ಏಜೆಂಟ್ ಅದನ್ನೇ 'ನಿಮ್ಮ ಜಮೀನಿಗೆ ದಾಖಲೆ ಇಲ್ಲ' ಎಂದು ರೈತನಿಗೆ ತಿಳಿಸಬಹುದು. ಭಾಷೆಯೆಂದರೆ ರಾಜ್ಯ ಎಂಬ ಒಂದು ಅಲಿಖಿತ ಗ್ರಹಿಕೆ ಇಲ್ಲಿ ಉತ್ತರವಾಗಿ ಹೊರಬರುತ್ತದೆ. ಭಾಷಾ ಅಲ್ಪಸಂಖ್ಯಾತರಿಗೆ ಈ ಗ್ರಹಿಕೆ ಹೊಸದಲ್ಲ. ಸಂವಿಧಾನದ 350ಎ ಮತ್ತು 350ಬಿ ವಿಧಿಗಳು ಹುಟ್ಟಿದ್ದೇ ರಾಜ್ಯದ ಗಡಿ ಭಾಷೆಯ ಗಡಿಯೊಡನೆ ಕೂಡಿಬರುವುದಿಲ್ಲ ಎಂಬ ಅರಿವಿನಿಂದ.

ಮಾಹಿತಿಯ ನಮೂನೆಯಲ್ಲೂ ಇದೇ ದೋಷ ಅಡಗಿರಬಹುದು. 'ಕ್ಷೇತ್ರ' ಎಂಬ ಅಂಕಣಕ್ಕೆ ಮಾನವನ್ನು ಹೇಳದೆ ಬಿಟ್ಟರೆ 2.20 ಎಂಬ ಅಂಕಿಗೆ ಎರಡು ಅರ್ಥ. ಎಕರೆ-ಗುಂಟೆಯ ಲೆಕ್ಕದಲ್ಲಿ ಅದು 2 ಎಕರೆ 20 ಗುಂಟೆ, ಎಂದರೆ ಎರಡೂವರೆ ಎಕರೆ. ಸಾತಬಾರಾದ ಹೆಕ್ಟೇರ್-ಆರ್ ಲೆಕ್ಕದಲ್ಲಿ ಅದು 2 ಹೆಕ್ಟೇರ್ 20 ಆರ್, ಎಂದರೆ ಸುಮಾರು 5 ಎಕರೆ 17 ಗುಂಟೆ. ಒಂದು ಪದದ ಕೊರತೆಯಿಂದ ಜಮೀನು ಇಮ್ಮಡಿಗೂ ಮಿಗಿಲಾಗಿ ಹಿಗ್ಗುತ್ತದೆ ಅಥವಾ ಕುಗ್ಗುತ್ತದೆ.

ಈಗ ಪ್ರಚಲಿತವಿರುವ ಮೌಲ್ಯಮಾಪನಗಳು ಇದನ್ನು ಹಿಡಿಯಬಲ್ಲವೇ? ಬರ್ಕ್ಲಿ ವಿಶ್ವವಿದ್ಯಾಲಯದ ಫಂಕ್ಷನ್ ಕಾಲಿಂಗ್ ಲೀಡರ್‌ಬೋರ್ಡ್ ಮಾದರಿಯು ಸರಿಯಾದ ಸಾಧನವನ್ನು ಸರಿಯಾದ ಮಾಹಿತಿಯೊಡನೆ ಕರೆಯಿತೇ ಎಂದು ನೋಡುತ್ತದೆ. ಯಾವ ಸಾಧನವೂ ಹೊಂದದಿರುವಾಗ ಸುಮ್ಮನಿರಬಲ್ಲುದೇ ಎಂಬುದನ್ನೂ ಪರೀಕ್ಷಿಸುತ್ತದೆ. 2024ರ ಟೌ-ಬೆಂಚ್ ಕೊನೆಯಲ್ಲಿ ದತ್ತಾಂಶ ಯಾವ ಸ್ಥಿತಿಗೆ ಬಂದಿತೆಂದು ನೋಡಿ, ಅದೇ ಕೆಲಸವನ್ನು ಮತ್ತೆ ಮತ್ತೆ ಕೊಟ್ಟಾಗ ಪ್ರತಿಸಲವೂ ಗೆಲ್ಲುತ್ತದೆಯೇ ಎಂದು ಅಳೆಯುತ್ತದೆ. ಎರಡೂ ಬೆಲೆಯುಳ್ಳ ಪ್ರಯತ್ನಗಳೇ. ಆದರೆ ಇವು ವಿವರಣೆಗಳನ್ನು ಸ್ಥಿರವಾಗಿಟ್ಟು ಮಾದರಿಗಳನ್ನು ಹೋಲಿಸುತ್ತವೆ. ವಿವರಣೆಯ ಗುಣವನ್ನು ತಿಳಿಯಬೇಕಾದರೆ ಮಾದರಿಯನ್ನು ಸ್ಥಿರವಾಗಿಟ್ಟು ವಿವರಣೆಯನ್ನು ಬದಲಿಸಿ ನೋಡಬೇಕು. ಇಲ್ಲವಾದರೆ ಕೆಟ್ಟದಾಗಿ ಬರೆದ ವಾಕ್ಯದ ಹೊಣೆ ಅದನ್ನು ಓದಿದ ಮಾದರಿಯ ತಲೆಗೆ ಬರುತ್ತದೆ.

ಇಂಥ ಪರೀಕ್ಷೆಗೆ ಭಾಷಾಶಾಸ್ತ್ರದ ಕನಿಷ್ಠಯುಗ್ಮದ ಕ್ರಮ ಒದಗಿಬರುತ್ತದೆ. ಉತಾರದ ಅದೇ ವಾಕ್ಯವನ್ನು ಒಮ್ಮೆ ಅಥಣಿಯ ಹೆಸರಿನೊಡನೆ, ಒಮ್ಮೆ ಕುಣಿಕೋಣೂರಿನ ಹೆಸರಿನೊಡನೆ, ಒಮ್ಮೆ ಊರ ಹೆಸರಿಲ್ಲದೆ ಕೊಡಬೇಕು. ಮೊದಲನೆಯದಕ್ಕೆ ಕರ್ನಾಟಕದ ಸಾಧನ, ಎರಡನೆಯದಕ್ಕೆ ಮಹಾರಾಷ್ಟ್ರದ ಸಾಧನ ಸರಿಯುತ್ತರ. ಮೂರನೆಯದಕ್ಕೆ 'ನಿಮ್ಮ ಊರು, ತಾಲೂಕು ಯಾವುದು?' ಎಂಬ ಮರುಪ್ರಶ್ನೆಯೊಂದೇ ಸರಿಯುತ್ತರ. ಮೂರನ್ನೂ ಪ್ರತಿಸಲವೂ ಸಾಧ್ಯವಾಗಿಸುವ ವಿವರಣೆಯನ್ನು ಮಾತ್ರ ನಿರ್ದುಷ್ಟವೆನ್ನಬಹುದು.

ಇಷ್ಟನ್ನೆಲ್ಲ ಸೇರಿಸಿದರೆ ವಿವರಣೆ ಉದ್ದವಾಗುವುದಿಲ್ಲವೇ ಎಂಬ ಆಕ್ಷೇಪ ನಿರಾಧಾರವಲ್ಲ. ಏಜೆಂಟ್ ತನ್ನ ಮುಂದಿಟ್ಟ ಎಲ್ಲ ವಿವರಣೆಗಳನ್ನೂ ಓದಬೇಕಾಗುತ್ತದೆ. ಪ್ರತಿ ಪದಕ್ಕೂ ವೆಚ್ಚವಿದೆ, ನೂರು ದೀರ್ಘ ವಿವರಣೆಗಳ ನಡುವೆ ಬೇಕಾದುದು ಮಸುಕಾಗುವುದೂ ಉಂಟು. ಆದರೆ ಬೇಕಾಗಿರುವುದು ವಿಸ್ತಾರವಲ್ಲ, ವ್ಯಾವರ್ತನೆ. 'ಕರ್ನಾಟಕದೊಳಗಿನ ಜಮೀನಿಗೆ ಮಾತ್ರ, ಜನ ಇದನ್ನು ಪಹಣಿ, ಉತಾರ ಎನ್ನುವರು, ಕೇಳುವವರ ಭಾಷೆಯಿಂದ ರಾಜ್ಯವನ್ನು ಊಹಿಸಬಾರದು, ಊರು ತಿಳಿಯದಿದ್ದರೆ ಕೇಳಬೇಕು, ತಿದ್ದುಪಡಿ ಸಾಧ್ಯವಿಲ್ಲ.' ಇಷ್ಟೇ ಸಾಕು. ಮೂರೂ ದೋಷಗಳಿಗೆ ಇದರಲ್ಲಿ ಪರಿಹಾರವಿದೆ. ಇದನ್ನು ಬರೆಯಲು ತಂತ್ರಜ್ಞಾನದ ಪರಿಣತಿಗಿಂತ ಹೆಚ್ಚಾಗಿ ಬೇಕಾದುದು ಉತಾರ ಎಂಬ ಮಾತು ಎಲ್ಲೆಲ್ಲಿ ಬಳಕೆಯಲ್ಲಿದೆ ಎಂಬ ತಿಳಿವಳಿಕೆ. ಗಡಿಭಾಗದ ಪದಬಳಕೆಯನ್ನು ಸಂಗ್ರಹಿಸುವ ಕ್ಷೇತ್ರಕಾರ್ಯವು ಈವರೆಗೆ ಕೋಶಕ್ಕೂ ಭೂಪಟಕ್ಕೂ ಒದಗಿದೆ. ಇನ್ನು ಮುಂದೆ ಅದು ಇಂಥ ಲಕ್ಷಣವಾಕ್ಯಗಳ ಪರಿಶೀಲನೆಗೂ ಒದಗಬೇಕು. ಆ ಹೊಣೆಯನ್ನು ಭಾಷಾಸಂಶೋಧಕರು ತಂತ್ರಾಂಶ ನಿರ್ಮಾಪಕರಿಗೇ ಬಿಟ್ಟು ಕೂಡುವಂತಿಲ್ಲ.