ಜರರಾಕಾದ ಹಳದಿ ಹನಿ

ಸಾವ್ ಪೌಲೋದ ಬುಟಾಂಟಾನ್ ಸಂಸ್ಥೆಯಲ್ಲಿ ವಿಷ ತೆಗೆಯುವವರ ಕೈಚಳಕಕ್ಕೆ ನಾನು ಮಾರುಹೋಗಿದ್ದೇನೆ. ಜರರಾಕಾ ಎಂಬ ಗುಳಿಮಂಡಲದ ಕತ್ತು ಹಿಡಿಯುವುದರಲ್ಲೇ ಒಂದು ಹದವಿದೆ: ಬಿಗಿಯಾದರೆ ಹಾವಿಗೆ ಪೆಟ್ಟು, ಸಡಿಲವಾದರೆ ಕೈಗೆ ಕುತ್ತು. ಬಾಯೊಳಗೆ ಮಡಚಿಕೊಂಡಿದ್ದ ವಿಷದ ಹಲ್ಲುಗಳು ಮುಂದಕ್ಕೆ ಚಾಚಿ ಗಾಜಿನ ಅಂಚಿನ ಮೇಲೆ ಕೂರುತ್ತವೆ. ಗ್ರಂಥಿಯನ್ನು ಮೆಲ್ಲನೆ ಒತ್ತಿದರೆ ಹಳದಿ ಹನಿ ಜಾರುತ್ತದೆ.

ಅಂಥ ವಿಷದಲ್ಲೇ ವಿಜ್ಞಾನಿ ಸೆರ್ಜಿಯೊ ಫೆರೇರಾ 1965ರಲ್ಲಿ, ರಕ್ತನಾಳ ಹಿಗ್ಗಿಸುವ ಬ್ರಾಡಿಕೈನಿನ್‌ನ ಬಲ ಹೆಚ್ಚಿಸುವ ಅಂಶವೊಂದನ್ನು ವರದಿ ಮಾಡಿದರು. ಆದರೆ ಆ ಅಂಶ ಪೆಪ್ಟೈಡ್, ಅಂದರೆ ಅಮೈನೋ ಆಮ್ಲಗಳ ಸರಪಳಿ; ಮಾತ್ರೆಯಾಗಿ ನುಂಗಲು ಒದಗುವಂಥದ್ದಲ್ಲ. ಅಮೆರಿಕದಲ್ಲಿ ವಿಜ್ಞಾನಿಗಳಾದ ಕುಶ್ಮನ್, ಒಂಡೆಟ್ಟಿ ಅದರ ಕಸುಬನ್ನಷ್ಟೇ ಕದ್ದು (ಕಳ್ಳತನವೆಂದರೆ ಹೀಗಿರಬೇಕು!) ಪುಟ್ಟ ಅಣುವೊಂದನ್ನು ಕಟ್ಟಿದರು. 1981ರಲ್ಲಿ ಅನುಮತಿ ಪಡೆದ ಬಿಪಿ ಮಾತ್ರೆ ಕ್ಯಾಪ್ಟೊಪ್ರಿಲ್ ಅದೇ. ಹಾವಿನ ಪೆಪ್ಟೈಡಿನ ತುದಿಯಲ್ಲಿದ್ದ ಪ್ರೋಲಿನ್ ಎಂಬ ಅಮೈನೋ ಆಮ್ಲ ಈ ಅಣುವಿನಲ್ಲೂ ಹಾಗೇ ಉಳಿದಿದೆ.