ತಾಂಡಾದ ಹಾಡೂ ಶಾಲೆಯ ಪಾಠವೂ

ಪುಲಿಗೆರೆಯ ತಿರುಳ್ಗನ್ನಡದಲ್ಲಿ ಕಾವ್ಯವನ್ನು ರಚಿಸಿದೆನೆಂದು ಪಂಪನು 941ರ ಸುಮಾರಿಗೆ ಹೇಳಿಕೊಂಡನು. ಆ ಪುಲಿಗೆರೆಯೇ ಇಂದಿನ ಲಕ್ಷ್ಮೇಶ್ವರ. ಅಲ್ಲಿಂದ ಶಿರಹಟ್ಟಿ, ಮುಂಡರಗಿಗಳ ಕಡೆಗೆ ಕಪ್ಪತಗುಡ್ಡದ ಸೆರಗು ಹಿಡಿದು ನಡೆದರೆ ಲಂಬಾಣಿ ತಾಂಡಾಗಳು ಎದುರಾಗುವವು. ಅಲ್ಲಿ ತೊಟ್ಟಿಲ ಮಗುವಿನ ಕಿವಿಗೆ ಬೀಳುವದು ಕನ್ನಡವಲ್ಲ, ಗೋರ್ ಬೋಲಿ. 2011ರ ಜನಗಣತಿಯಲ್ಲಿ ದೇಶದ 32 ಲಕ್ಷಕ್ಕೂ ಮಿಕ್ಕ ಜನರು ಇದನ್ನು ತಾಯ್ನುಡಿಯೆಂದು ಬರೆಯಿಸಿದರು. ಪಟ್ಟಿಯಲ್ಲಿ ಮಾತ್ರ ಅದು ಹಿಂದಿಯ ಹೊಟ್ಟೆಯೊಳಗೆ ಸೇರಿಹೋಯಿತು.

ಈ ಮಕ್ಕಳು ಕನ್ನಡ ಶಾಲೆಗೆ ಬರುತ್ತಾರೆ. ಅವರ ಸಾಹಿತ್ಯಕ್ಕೆ ಅಲ್ಲಿ ದೊರೆಯುವ ಸ್ಥಾನವಾವುದು? ಸ್ನೇಹಸಮ್ಮೇಲನದ ದಿನ ಕನ್ನಡಿ ಹೊಲಿದ ಕುಪ್ಪಸ, ಒಂದು ಕುಣಿತ, ಚಪ್ಪಾಳೆ. ಹಾಡಿನ ಅರ್ಥವನ್ನು ಕೇಳುವವರು ವಿರಳ. ಉಡುಪನ್ನು ಮೆಚ್ಚಿ ಮಾತನ್ನು ಬಿಡುವ ಈ ಆದರವು ಸಾಹಿತ್ಯಾಭಿಮಾನವೆನಿಸಲಾರದು.

ಅವರಲ್ಲಿ ಢಾವಲೋ ಎಂಬ ಹಾಡಿನ ಬಗೆಯೊಂದುಂಟು. ಮದುವಣಗಿತ್ತಿಯು ತವರನ್ನು ಬಿಡುವಾಗ ಬಂಧುಗಳ ಕೊರಳಿಗೆ ಬಿದ್ದು ಅಳುತ್ತ ಹಾಡುವದು. ಹಿರಿಯ ಹೆಂಗಸರಿಂದ ಕಲಿತ ಧಾಟಿಯೊಳಗೆ ಅವಳು ತನ್ನ ದುಃಖವನ್ನು ತುಂಬುವಳು. ನಮ್ಮ ಬೀಸುವ ಕಲ್ಲಿನ ತ್ರಿಪದಿಗಳಲ್ಲಿಯೂ ತವರೇ ಪ್ರಾಣ. ಆದರೆ ಅಲ್ಲಿ ತವರು ದೂರವಾಗಿ, ವರ್ಷಗಳು ಕಳೆದು, ನೆನಪು ಮಾಗಿರುತ್ತದೆ. ಢಾವಲೋದಲ್ಲಿ ಬಾಗಿಲು ಇನ್ನೂ ಕಣ್ಣೆದುರಿಗಿದೆ. ಹರಕೆಗೂ ಅಳಲಿಗೂ ಇರುವ ಈ ಅಂತರವನ್ನು ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಕಲಿಸಿದರೆ, ಕನ್ನಡದ ಹುಡುಗನಿಗೆ ತನ್ನ ತ್ರಿಪದಿಯೂ ಹೊಸದಾಗಿ ತಿಳಿದೀತು.

ಶಿಕ್ಷಕರಿಗೆ ಆ ನುಡಿ ಬಾರದೆಂಬ ಆಕ್ಷೇಪವು ನಿಜವೇ. ಬೀಸುವ ಹಾಡನ್ನೂ ಒಂದು ಕಾಲಕ್ಕೆ ಪಂಡಿತರು ಸಾಹಿತ್ಯವೆಂದು ಎಣಿಸಿರಲಿಲ್ಲ. 1931ರಲ್ಲಿ ಹಲಸಂಗಿಯ ಗೆಳೆಯರು ‘ಗರತಿಯ ಹಾಡು’ ಪ್ರಕಟಿಸಿದ ಮೇಲೆ ಕಣ್ಣು ತೆರೆಯಿತು. ಆದರೆ ಅವರು ತಮ್ಮ ತಾಯಂದಿರ ನುಡಿಯನ್ನೇ ಬರೆದುಕೊಂಡವರು. ಇಲ್ಲಿಯ ಸಂಗ್ರಾಹಕನೂ ತಾಂಡಾದವನೇ ಆಗತಕ್ಕುದು. ಲಿಪಿ ಕನ್ನಡದ್ದಾದರೆ ಅಡ್ಡಿಯಿಲ್ಲ. ಹೊರಗಿನವರು ಭಾವಾನುವಾದ ಮಾಡಿ ಪಠ್ಯಕ್ಕೆ ಸೇರಿಸಿದರೆ ಉಳಿಯುವದು ಅರ್ಥದ ಎಲುಬು ಮಾತ್ರ.

ಮೂಲನುಡಿಯನ್ನು ಬಿಟ್ಟ ಆದರವು ಹೇಗಿರುತ್ತದೆಂಬುದಕ್ಕೆ ಚೀನವನ್ನು ನೋಡಬಹುದು. ಕಿರ್ಗಿಜರ ಮನಸ್, ಟಿಬೆಟಿನವರ ಗೆಸಾರ್ ಮಹಾಕಾವ್ಯಗಳನ್ನು ಆ ದೇಶವು 2009ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿಸಿ ಹೆಮ್ಮೆಪಟ್ಟಿತು. 2020ರಲ್ಲಿ ಒಳ ಮಂಗೋಲಿಯದ ಶಾಲೆಗಳಲ್ಲಿ ಭಾಷಾಸಾಹಿತ್ಯದ ಪಾಠವನ್ನೇ ಮಂಗೋಲಿಯನ್ನಿನಿಂದ ಚೀನಿಗೆ ತಿರುಗಿಸಿತು. ತಾಯಿತಂದೆಯರು ಮಕ್ಕಳನ್ನು ಶಾಲೆಯಿಂದ ಬಿಡಿಸಿ ಪ್ರತಿಭಟಿಸಿದರು.

ಇಲ್ಲಿ ಅಂಥ ಬಲಾತ್ಕಾರವಿಲ್ಲ, ಉದಾಸೀನವಿದೆ. ವಾರಕ್ಕೊಂದು ತಾಸು ತಾಂಡಾದ ಹುಡುಗಿಯೇ ಹಾಡನ್ನು ಹೇಳಿ ಅರ್ಥ ಬಿಡಿಸಲಿ. ಗುರುಗಳು ಬೆಂಚಿನ ಮೇಲೆ ಕುಳಿತು ಬರೆದುಕೊಳ್ಳಲಿ. ತಿಳಿಯದ ಶಬ್ದಕ್ಕೆ ಅವಳು ಮನೆಗೆ ಹೋಗಿ ಅಜ್ಜಿಯನ್ನು ಕೇಳಿ ಬರುವಳು.